ನೆಲಗಪ್ಪೆಗಾಗಿ ಹಾಕಿದ ಬ್ರೇಕು

ಸಂಜೆ ಆರೂ ಮುಕ್ಕಾಲಕ್ಕೆ, ವರ್ಷದ ಮೊದಲ ಮಳೆ ನಿಂತ ಸ್ವಲ್ಪ ಹೊತ್ತಿಗೆ, ಕೊಳದ ರಸ್ತೆಯ ನಟ್ಟನಡುವೆ ಡ್ರೈವಿಂಗ್ ಶಾಲೆಯ ಕಾರು ಯಾವ ಕಾರಣವೂ ಇಲ್ಲದೆ ನಿಂತಿತು. ಅದರ ಹಿಂದೆ ಬರುತ್ತಿದ್ದ ಸ್ಕೂಟರು ನಿಲ್ಲಲಿಲ್ಲ.

ಕಾರಣ ಇರಲಿಲ್ಲ ಎಂಬುದು ಪೂರ್ತಿ ನಿಜವಲ್ಲ. ಕಾರಣ ಎಡಗಡೆಯ ಸೀಟಿನಲ್ಲಿ ಕೂತಿತ್ತು, ಅದೂ ಗೊರಕೆ ಹೊಡೆಯುತ್ತ. ಡ್ರೈವಿಂಗ್ ಶಾಲೆಯ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಕಲಿಸುವವರ ಕಾಲಡಿ. ಕಲಿಸುವ ಮೇಷ್ಟ್ರು ಮಧ್ಯಾಹ್ನದ ಊಟ ಕೊಂಚ ಭಾರವಾಗಿ ಮಾಡಿದ್ದರು, ಹಿತವಾದ ಗಾಳಿ ಬರುತ್ತಿತ್ತು, ಸ್ಟಿಯರಿಂಗ್ ಹಿಡಿದಿದ್ದ ಹಲ್ಲಿನ ಡಾಕ್ಟರಮ್ಮ ಇರುವೆಗೂ ಬೇಸರವಾಗುವಷ್ಟು ನಿಧಾನವಾಗಿ ಓಡಿಸುತ್ತಿದ್ದರು. ಮೇಷ್ಟ್ರ ತಲೆ ಮೊದಲು ಬಲಕ್ಕೆ ವಾಲಿತು, ಆಮೇಲೆ ಎಡಕ್ಕೆ. ಕೊನೆಗೆ ಇಡೀ ದೇಹ ಸಡಿಲಗೊಂಡು ಕಾಲು ಬ್ರೇಕಿನ ಮೇಲೆ ಬಿತ್ತು.

ಸ್ಕೂಟರಿನಲ್ಲಿ ಇಬ್ಬರಿದ್ದರು. ಓಡಿಸುತ್ತಿದ್ದವನು ಈಜು ಕಲಿಸುವವನು, ಮೇಷ್ಟ್ರಿಗೆ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಮಕ್ಕಳಿಗೆಂದು ಕೊಂಡಿದ್ದ ಗಾಳಿ ತುಂಬಿದ ರಬ್ಬರ್ ಟ್ಯೂಬುಗಳನ್ನು ಹಿಂದೆ ಕಟ್ಟಲು ಜಾಗವಿಲ್ಲದೆ ಕೊರಳಿಗೂ ಸೊಂಟಕ್ಕೂ ಹಾಕಿಕೊಂಡಿದ್ದ. ಹಿಂದೆ ಕೂತವನಿಗೂ ಎರಡು ತೊಡಿಸಿದ್ದ. ಹೀಗಾಗಿ ಇಬ್ಬರೂ ಕಾರಿಗೆ ಬಡಿದರು, ಚೆಂಡಿನಂತೆ ಪುಟಿದರು, ರಸ್ತೆಯ ಮೇಲೆ ಕೂತರು. ಗಾಯ ಯಾರಿಗೂ ಆಗಲಿಲ್ಲ. ಸ್ಕೂಟರಿನ ದೀಪ ಮಾತ್ರ ಒಡೆಯಿತು.

ಹಿಂದೆ ಕೂತಿದ್ದವರು ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರು.

ಅವರು ಈಜು ಕಲಿಯಲು ಹೊರಟಿದ್ದರಿಂದ ಚಡ್ಡಿಯಲ್ಲಿದ್ದರು. ಭುಜದ ಮೇಲೆ ಟವೆಲ್ಲು ಇತ್ತು. ಆದರೆ ಅಧಿಕಾರಕ್ಕೆ ಪ್ಯಾಂಟಿನ ಹಂಗಿಲ್ಲ. ಅವರು ಎದ್ದು ನಿಂತು ಟ್ಯೂಬು ಸರಿಮಾಡಿಕೊಂಡು ಕೇಳಿದರು: "ಬ್ರೇಕ್ ಹಾಕಿದ್ದು ಯಾರು?"

ಡಾಕ್ಟರಮ್ಮ ಎರಡೂ ಕೈ ಎತ್ತಿ, ಎರಡೂ ಕಾಲನ್ನೂ ಎತ್ತಿ ತೋರಿಸಿದರು. ಉಳಿದದ್ದು ಒಂದೇ ಕಾಲು.

"ಅದೇ ಸಾರ್, ನಮ್ ಭಾವ," ಎಂದ ಷಡ್ಡಕ. "ಮಧ್ಯರಸ್ತೇಲಿ ಬ್ರೇಕ್ ಹಾಕೋದನ್ನೇ ಕಲಿಸ್ತಾರೆ. ಕೇಳಿ, ಕೇಳಿ ಯಾಕೆ ಅಂತ."

"ಯಾಕ್ರೀ ಹಾಕಿದ್ರಿ?" ಎಂದರು ಇನ್ಸ್‌ಪೆಕ್ಟರು. "ನಿಮ್ಮ ಶಾಲೆ ಲೈಸೆನ್ಸ್ ರಿನ್ಯೂ ಆಗೋಕೆ ತಿಂಗಳ ಕೊನೆಗೆ ನನ್ನ ಮೇಜಿಗೇ ಬರುತ್ತೆ, ಗೊತ್ತಿದೆ ತಾನೆ?"

ಗೊತ್ತಿಲ್ಲದೆ ಏನು? ಅದೊಂದು ಲೈಸೆನ್ಸಿನ ಮೇಲೆ ಮೇಷ್ಟ್ರ ಮನೆ ನಿಂತಿತ್ತು. ಆ ಕ್ಷಣದಲ್ಲಿ ಮೇಷ್ಟ್ರಿಗೆ ಇನ್ನೂ ಅರ್ಧ ನಿದ್ದೆ. ಎದುರಿಗೆ ನೋಡಿದರು. ಕಾರಿನ ದೀಪದ ಬೆಳಕಿನಲ್ಲಿ, ಚಕ್ರದಿಂದ ಒಂದು ಗೇಣು ಆಚೆಗೆ, ಮೈತುಂಬ ಗಂಟುಗಂಟಾದ ದಪ್ಪ ನೆಲಗಪ್ಪೆಯೊಂದು ಕೂತು ಇವರನ್ನೇ ನೋಡುತ್ತಿತ್ತು. ಅದರ ಮುಖದಲ್ಲಿ ಸಾಕ್ಷಿ ಹೇಳಲು ಕರೆಸಿಕೊಂಡವರ ಗಾಂಭೀರ್ಯ.

"ಕಪ್ಪೆ," ಎಂದರು ಮೇಷ್ಟ್ರು.

"ಏನು?"

"ಕಪ್ಪೆ ಸಾರ್. ಅಡ್ಡ ಬಂತು. ಒಂದು ಜೀವ ಅಲ್ವಾ? ಹಾಕಿದೆ."

ಜನ ಸೇರಿದ್ದರು. ಜನ ಅಂದರೆ ಎದುರುಮನೆಯ ಔಷಧದಂಗಡಿಯವರು ಮತ್ತು ಅವರ ಅಂಗಡಿಗೆ ಬಂದಿದ್ದ ಕೆಮ್ಮಿನವರು. ಎಲ್ಲರೂ ಬಗ್ಗಿ ಕಪ್ಪೆಯನ್ನು ನೋಡಿದರು. ಷಡ್ಡಕ ಮಾತ್ರ ನಂಬಲಿಲ್ಲ. "ಡಾಕ್ಟ್ರೇ, ನೀವೇ ಹೇಳಿ. ಇವರು ಎಚ್ಚರ ಇದ್ರಾ?"

ಡಾಕ್ಟರಮ್ಮ ಸುಳ್ಳು ಹೇಳುವವರಲ್ಲ. ಆದರೆ ಪಾಠದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. "ನಾನು ರಸ್ತೆ ನೋಡ್ತಿದ್ದೆ," ಎಂದರು. "ಪಕ್ಕಕ್ಕೆ ತಿರುಗಬಾರದು ಅಂತ ಮೇಷ್ಟ್ರೇ ಮೊದಲನೇ ದಿನ ಹೇಳಿದಾರೆ."

ಇನ್ಸ್‌ಪೆಕ್ಟರು ಯೋಚಿಸಿದರು. ಚಡ್ಡಿಯಲ್ಲಿ ಹೆಚ್ಚು ಹೊತ್ತು ಯೋಚಿಸಲಾಗದು, ಗಾಳಿ ತಣ್ಣಗಿತ್ತು. "ಸರಿ. ಕಪ್ಪೆ ಮೇಲೆ ಇಷ್ಟು ಕಾಳಜಿ ಇರೋರು ಇವತ್ತೊಂದು ದಿನ ಇಟ್ಕೊಂಡು ನಾಳೆ ಬಿಡಲ್ಲ. ತಿಂಗಳ ಕೊನೆಗೆ ನಾನೇ ಬಂದು ನೋಡ್ತೀನಿ. ಕಾಳಜಿ ನಿಜ ಆದ್ರೆ ಲೈಸೆನ್ಸು. ಇಲ್ಲಾಂದ್ರೆ ಕಾರಿಗೆ ಹೊದಿಕೆ ಹಾಕಿ ಇಡಿ."

ಹೀಗೆ ಮೇಷ್ಟ್ರು ಕಪ್ಪೆಗಳ ರಕ್ಷಕರಾದರು.

*

ರಕ್ಷಣೆ ಹೇಗೆ ಮಾಡುವುದು ಎಂಬುದು ಅವರಿಗೆ ತಿಳಿದಿರಲಿಲ್ಲ. ಹೆಂಡತಿಗೆ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡು, "ನಿದ್ದೆ ಮಾಡಿದ್ರಿ ತಾನೆ?" ಎಂದು ಒಂದೇ ಪ್ರಶ್ನೆ ಕೇಳಿದಳು. ಆಕೆ ಒಳಗೆ ಹೋಗಿ ಬಟ್ಟೆ ಒಗೆಯುವ ಬಕೆಟ್ಟು ತಂದು ಮುಂದಿಟ್ಟಳು. "ತಗೊಳ್ಳಿ. ಹೇಳಿದ್ದು ಹೇಳಿಬಿಟ್ರಿ, ಇನ್ನು ಹೊರಿ."

ರಸ್ತೆಯ ಒಂದು ಪಕ್ಕಕ್ಕೆ ಮೇಷ್ಟ್ರ ಮನೆ, ಅದರ ಹಿತ್ತಲಿಗೆ ಹೊಂದಿಕೊಂಡು ಗಿಡಗಂಟಿ ಬೆಳೆದ ಬಯಲು. ಇನ್ನೊಂದು ಪಕ್ಕಕ್ಕೆ ಷಡ್ಡಕನ ಮನೆ, ಅದರ ಹಿಂದೆ ಕೊಳ. ವರ್ಷವೆಲ್ಲ ಬಯಲಿನ ಮಣ್ಣಿನಲ್ಲಿ, ಕಲ್ಲಿನಡಿ, ಹೂಕುಂಡದ ಕೆಳಗೆ ಹುದುಗಿರುವ ನೆಲಗಪ್ಪೆಗಳು ಮೊದಲ ಮಳೆ ಬಿದ್ದ ಕೂಡಲೇ ಮೊಟ್ಟೆಯಿಡಲು ಕೊಳಕ್ಕೆ ಹೊರಡುತ್ತವೆ. ಅವು ಹುಟ್ಟಿದ್ದು ಆ ನೀರಿನಲ್ಲೇ. ನಡುವೆ ರಸ್ತೆ ಬಂದದ್ದು ಆಮೇಲೆ, ಅದನ್ನು ಅವುಗಳಿಗೆ ಯಾರೂ ತಿಳಿಸಿರಲಿಲ್ಲ. ಇಷ್ಟು ವಿಷಯವನ್ನು ಮೇಷ್ಟ್ರು ಗ್ರಂಥಾಲಯದಲ್ಲಿ ಓದಿ ಬಂದರು. ಅಲ್ಲೇ ಇನ್ನೊಂದು ಸಂಗತಿಯೂ ಸಿಕ್ಕಿತು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಸೋಪು, ಎಣ್ಣೆ, ಪೌಡರು ತಾಕಿದ ಕೈಯಲ್ಲಿ ಮುಟ್ಟಬಾರದು. ಬರೀ ನೀರಿನಲ್ಲಿ ಕೈ ತೊಳೆದು, ಒದ್ದೆಗೈಯಲ್ಲೇ ಎತ್ತಬೇಕು.

ಮರುದಿನ ಸಂಜೆ ಮೇಷ್ಟ್ರು ಒದ್ದೆಗೈ ಮುಂದಕ್ಕೆ ಚಾಚಿಕೊಂಡು, ಶಸ್ತ್ರಚಿಕಿತ್ಸೆಗೆ ಹೊರಟ ಡಾಕ್ಟರಂತೆ ರಸ್ತೆಗಿಳಿದರು. ಬಕೆಟ್ಟಿಗೆ ಕಾರಿನ ಕೆಂಪು 'ಎಲ್' ಹಲಗೆಯನ್ನೇ ಕಟ್ಟಿದ್ದರು, ವಾಹನದವರು ದೂರ ಸರಿಯಲಿ ಎಂದು. ಹೆಂಡತಿ ಟಾರ್ಚು ಹಿಡಿದಳು. ಪಾಠಕ್ಕೆ ಬಂದ ಡಾಕ್ಟರಮ್ಮ ಕಾರು ನಿಂತಿದ್ದರಿಂದ ತಾವೂ ಬಕೆಟ್ಟು ಹಿಡಿದರು. ಔಷಧದಂಗಡಿಯವರು ಬಾಗಿಲಿಂದಲೇ ಕೇಳಿದರು: "ಮೇಷ್ಟ್ರೇ, ಕೈಗವಸು ಬೇಕಾ? ಕಪ್ಪೆ ಮುಟ್ಟಿದ್ರೆ ನರೂಲಿ ಆಗುತ್ತೆ ಅಂತಾರೆ."

"ಅದು ಸುಳ್ಳು," ಎಂದರು ಮೇಷ್ಟ್ರು.

"ಸುಳ್ಳಾದ್ರೂ ಇರಲಿ, ನನ್ನ ಹತ್ರ ನರೂಲಿ ಮುಲಾಮಿದೆ. ಮುಂಜಾಗ್ರತೆಗೆ ಹಚ್ಕೊಳ್ಳಿ."

"ಹಚ್ಚಿದ್ರೆ ಕಪ್ಪೆ ಸಾಯುತ್ತೆ."

ಔಷಧದಂಗಡಿಯವರು ಮುಲಾಮು ಒಳಗಿಟ್ಟರು. ತಮ್ಮ ಸರಕಿಗೆ ಅಂಥ ಬಲವಿದೆಯೆಂದು ಅವರಿಗೇ ಗೊತ್ತಿರಲಿಲ್ಲ.

ಆ ಸಂಜೆ ಬಕೆಟ್ಟು ತುಂಬಿತು. ಮೊದಲು ಸಿಕ್ಕಿದ್ದು ಅವತ್ತಿನ ಸಾಕ್ಷಿಯೇ. ನೆಲಗಪ್ಪೆಗೆ ಮುಂಗಾಲಿನಲ್ಲಿ ನಾಲ್ಕು ಬೆರಳು. ಇದರ ಬಲ ಮುಂಗಾಲಿನಲ್ಲಿ ಒಂದು ಬೆರಳು ಎಂದೋ ಕಳೆದು ಮೂರೇ ಉಳಿದಿದ್ದವು. ಉಳಿದವಕ್ಕಿಂತ ಇದು ಬಹಳ ದೊಡ್ಡದು, ಆದ್ದರಿಂದ ಹೆಣ್ಣು. ಮೇಷ್ಟ್ರ ಹೆಂಡತಿ ಅದಕ್ಕೆ ರಾಣಿ ಎಂದು ಹೆಸರಿಟ್ಟಳು. ಪಕ್ಕದ ಓಣಿಯಲ್ಲಿ ನಡೆದು ಹೋಗಿ ಎಲ್ಲವನ್ನೂ ಕೊಳದ ದಡದಲ್ಲಿ ಬಿಟ್ಟು ಬಂದರು. ಎರಡು ದಿನ ಕಳೆಯುವಷ್ಟರಲ್ಲಿ ಬೀದಿಯವರೆಲ್ಲ ಅವರನ್ನು ಕಪ್ಪೆ ಮೇಷ್ಟ್ರು ಎಂದು ಕರೆಯತೊಡಗಿದರು, ಮೇಷ್ಟ್ರು ನಡೆಯುವಾಗ ಎದೆ ಮುಂದೆ ಬರತೊಡಗಿತು.

ಷಡ್ಡಕನ ಕಿವಿಗೆ ಇದು ಬೀಳದೆ ಇದ್ದೀತೆ?

*

ಷಡ್ಡಕನದು ಬೇರೆ ದಿನಚರಿ. ಸಂಜೆಯೆಲ್ಲ ಈಜುಕೊಳದಲ್ಲಿ ಪಾಠ, ಬೆಳಿಗ್ಗೆ ಕೋಳಿಗಿಂತ ಮೊದಲು ಏಳುವವನು. ಮೇಷ್ಟ್ರೋ, ಸೂರ್ಯೋದಯವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದವರು. ಸ್ಕೂಟರಿನ ದೀಪ ಒಡೆದ ದಿನದಿಂದ ಇಬ್ಬರಿಗೂ ಮಾತಿರಲಿಲ್ಲ. ಒಂದೇ ರಸ್ತೆಯಲ್ಲಿದ್ದರೂ ಇಬ್ಬರೂ ಬೇರೆ ಬೇರೆ ಪಾಳಿಯ ಕಾರ್ಮಿಕರಂತೆ ಬಾಳುತ್ತಿದ್ದರು.

"ಭಾವ ಒಂದು ಕಪ್ಪೆ ಉಳಿಸಿದ್ರೆ ನಾನು ಹತ್ತು ಉಳಿಸ್ತೀನಿ," ಎಂದು ಹೆಂಡತಿಗೆ ಹೇಳಿ, ಒಂದು ಮುಂಜಾನೆ ಷಡ್ಡಕ ಹಿತ್ತಲ ಬಾಗಿಲು ತೆಗೆದು ಕೊಳದ ದಡಕ್ಕೆ ಹೋದ.

ಕೊಳದ ತುಂಬ ನೆಲಗಪ್ಪೆಗಳು ಕೈಕಾಲು ಬಡಿಯುತ್ತಿದ್ದವು. ಒಂದೊಂದರ ಬೆನ್ನ ಮೇಲೆ ಇನ್ನೊಂದು ಹತ್ತಿ, ಕಂಕುಳನ್ನು ಗಟ್ಟಿಯಾಗಿ ಅಪ್ಪಿ ಹಿಡಿದಿತ್ತು.

ಬೇರೆ ಯಾರೇ ಆಗಿದ್ದರೂ ಇದೇನೋ ಸಂಸಾರದ ವಿಷಯ ಎಂದು ಮುಖ ತಿರುಗಿಸಿ ಹೋಗುತ್ತಿದ್ದರು. ಆದರೆ ಷಡ್ಡಕ ಜೀವಮಾನವಿಡೀ ಒಂದೇ ಪಾಠ ಹೇಳಿದವನು: ಮುಳುಗುತ್ತಿರುವವನು ಕಾಪಾಡಲು ಬಂದವನನ್ನು ಹಿಂದಿನಿಂದ ಅಪ್ಪಿಕೊಳ್ಳುತ್ತಾನೆ, ಬಿಡದಿದ್ದರೆ ಇಬ್ಬರೂ ತಳ ಸೇರುತ್ತಾರೆ, ಆದ್ದರಿಂದ ಮೊದಲು ಹಿಡಿತ ಬಿಡಿಸು, ಆಮೇಲೆ ದಡಕ್ಕೆ ಎಳೆ.

"ಅಯ್ಯಯ್ಯೋ, ಮುಳುಗ್ತಿವೆ ಕಣೇ!" ಎಂದು ಕೂಗಿ ಬನಿಯನ್ನಿನಲ್ಲೇ ನೀರಿಗೆ ಹಾರಿದ.

ಅವನ ಹೆಂಡತಿ ದಡದಲ್ಲಿ ಬಂದು ನಿಂತಳು. "ರೀ, ಕಪ್ಪೆ ಎಲ್ಲಾದ್ರೂ ಮುಳುಗುತ್ತಾ?"

"ಇವು ನೆಲಗಪ್ಪೆ! ಹೆಸರಲ್ಲೇ ಇಲ್ವೇನೇ? ನೆಲದ ಮೇಲಿರಬೇಕಾದ್ದು ನೀರಲ್ಲಿ ಏನ್ ಮಾಡ್ತಿವೆ? ಜಾರಿ ಬಿದ್ದಿವೆ ಪಾಪ!"

ಷಡ್ಡಕ ಒಂದೊಂದು ಜೋಡಿಯನ್ನೂ ನಾಜೂಕಾಗಿ ಬಿಡಿಸಿದ. ಬಿಡಿಸಿ ಅಂಗೈಯಲ್ಲಿ ಹಿಡಿದಾಗ ಕೆಲವು ಚಿಕ್ಕ ಕಪ್ಪೆಗಳು ಕುಟುಕುಟು ಕುಟುಕುಟು ಎಂದು ಅವಸರದಲ್ಲಿ ಕೂಗುತ್ತಿದ್ದವು. "ನೋಡು, ಉಪಕಾರ ನೆನೀತಿವೆ," ಎಂದು ಅವನ ಕಣ್ಣು ಒದ್ದೆಯಾಯಿತು. ಕೊಳದ ನೀರೂ ಇದ್ದೀತು. ಮೂರು ಬೆರಳಿನ ದೊಡ್ಡದೊಂದು ಸಿಕ್ಕಿತು. "ಇದು ವಯಸ್ಸಾದದ್ದು," ಎಂದ. "ಅಜ್ಜಿ. ಈ ವಯಸ್ಸಲ್ಲಿ ನೀರಿನ ಹತ್ರ ಬಿಡಬಾರದು." ಎಲ್ಲವನ್ನೂ ಬಕೆಟ್ಟಿಗೆ ತುಂಬಿ ರಸ್ತೆ ದಾಟಿಸಿ, ನೀರಿನಿಂದ ಆದಷ್ಟು ದೂರ, ಮೇಷ್ಟ್ರ ಹಿತ್ತಲಾಚೆಯ ಬಯಲಿನಲ್ಲಿ ಬಿಟ್ಟು ಬಂದ. ಮೇಷ್ಟ್ರು ಆಗ ಎಂಟು ಅಡಿ ಆಚೆ ಗೋಡೆಯ ಹಿಂದೆ ಮಲಗಿದ್ದರು.

ಸಂಜೆ ಕಪ್ಪೆಗಳು ಮತ್ತೆ ಹೊರಟವು. ಮೇಷ್ಟ್ರು ಮತ್ತೆ ಎತ್ತಿದರು. ಬೆಳಿಗ್ಗೆ ಷಡ್ಡಕ ಮತ್ತೆ ಹಾರಿದ.

ಹೀಗೆ ನಡೆಯಿತು. ಒಬ್ಬನ ನಿದ್ದೆ ಇನ್ನೊಬ್ಬನ ಎಚ್ಚರ. ಕಪ್ಪೆಗಳಿಗೆ ಮಾತ್ರ ಎರಡು ಹೊತ್ತೂ ಪ್ರಯಾಣ.

*

ಭಾನುವಾರದ ಊಟ ಇಬ್ಬರ ಮಾವನ ಮನೆಯಲ್ಲಿ. ಮಾವ ಗೂಡ್ಸ್ ರೈಲಿನ ಗಾರ್ಡಾಗಿ ನಿವೃತ್ತರಾದವರು. ಊಟಕ್ಕೆ ಕೂರುವಾಗಲೂ ಒಮ್ಮೆ ಹಿಂದೆ ತಿರುಗಿ ನೋಡಿ ಕೂರುವರು. ಅಳಿಯಂದಿರು ಒಬ್ಬರಿಗೊಬ್ಬರು ಮಾತಾಡದೆ ಇದ್ದುದರಿಂದ ಎಲ್ಲ ಮಾತೂ ಮಾವನ ಮೂಲಕವೇ ಹಾಯಬೇಕಿತ್ತು.

"ಮಾವ, ಈ ವಾರ ಏಳು ಸಂಜೆಯೂ ಬಕೆಟ್ ತುಂಬಿ ತುಳುಕಿದೆ," ಎಂದರು ಮೇಷ್ಟ್ರು. "ಈ ಭೂಮಿ ಮೇಲೆ ಏಳು ಸಾವಿರಕ್ಕಿಂತ ಹೆಚ್ಚು ಬಗೆ ಕಪ್ಪೆ ಇವೆ. ಮರಗಪ್ಪೆ, ನೀರುಗಪ್ಪೆ, ಬಿಲ ತೋಡೋ ಕಪ್ಪೆ. ಅವುಗಳಲ್ಲಿ ಎಷ್ಟೋ ಅಳಿವಿನ ಅಂಚಲ್ಲಿವೆ. ನಮ್ಮ ರಸ್ತೇಲಿ ಮಾತ್ರ ದಿನೇದಿನೇ ಜಾಸ್ತಿ. ಯಾರಿಂದ ಅಂತ ನಾನು ಹೇಳಲ್ಲ."

"ಮಾವ, ಕೆಲವರು ಎಲ್ಲೋ ತಂದು ಬಿಟ್ಟು ಕೈ ತೊಳ್ಕೋತಾರಂತೆ," ಎಂದ ಷಡ್ಡಕ, ಪಲ್ಯದ ಕಡೆ ನೋಡುತ್ತ. ಅವನಿಗೆ ಮೇಷ್ಟ್ರು ಎಲ್ಲಿ ಬಿಡುತ್ತಾರೆಂದು ತಿಳಿದಿರಲಿಲ್ಲ, ಅದು ಬರೀ ಕುಟುಕು. "ನಾನು ನೀರಿಗೇ ಇಳಿದು ಜೀವ ಉಳಿಸ್ತೀನಿ. ಬೆಳಿಗ್ಗೆ ಎರಡು ಬಕೆಟ್. ಅಲ್ಲದೆ ನನಗೊಂದು ಸಲಮಾಂಡರ್ ಸಿಕ್ಕಿದೆ. ಬಾಟ್ಲೀಲಿ ಇಟ್ಟಿದೀನಿ."

ಮೇಷ್ಟ್ರು ಎತ್ತಿದ ತುತ್ತನ್ನು ಎಲೆಗೆ ಇಳಿಸಿದರು. ಸಲಮಾಂಡರ್ ಅವರು ಪುಸ್ತಕದಲ್ಲಿ ಮಾತ್ರ ನೋಡಿದ್ದರು. ಬಾಲವಿರುವ, ಕಪ್ಪೆಯ ದಾಯಾದಿ.

ಮಾವ ಇಬ್ಬರನ್ನೂ ನೋಡಿದರು. "ಸಂಜೆ ಒಂದು ಗಾಡಿ, ಬೆಳಿಗ್ಗೆ ಒಂದು ಗಾಡಿ," ಎಂದರು. "ಎರಡರ ಡಬ್ಬಿಯೂ ಒಂದೇನಾ?"

"ಅಂದ್ರೆ?"

"ಏನಿಲ್ಲ, ಸಾರು ಹಾಕಿಸ್ಕೊಳ್ಳಿ."

ಅಡುಗೆಮನೆಯಲ್ಲಿ ಅಕ್ಕತಂಗಿಯರಿಬ್ಬರೂ ಗೋಡೆಗೆ ಮುಖ ಮಾಡಿ ನಿಂತಿದ್ದರು. ಇಬ್ಬರ ಭುಜಗಳೂ ಕುಲುಕುತ್ತಿದ್ದವು. ಗಂಡಂದಿರು ಅದನ್ನು ಕೆಮ್ಮು ಎಂದುಕೊಂಡರು.

ಊಟ ಮುಗಿಸಿ ಹೊರಟ ಇಬ್ಬರೂ ಒಂದೇ ಕೆಲಸ ಮಾಡಿದರು, ಬೇರೆ ಬೇರೆ ದಾರಿಯಲ್ಲಿ. ವನ್ಯಜೀವಿ ಕಚೇರಿಗೆ ಫೋನು ಮಾಡಿ ತಮ್ಮ ತಮ್ಮ ಬಕೆಟ್ಟಿನ ಲೆಕ್ಕ ಒಪ್ಪಿಸಿದರು. ಕಚೇರಿಯಲ್ಲಿದ್ದವರು ಎರಡನ್ನೂ ಕೂಡಿಸಿದರು. ಸರಕಾರಿ ಕಚೇರಿಯಲ್ಲಿ ಕೂಡುವುದಕ್ಕೆ ಅನುಮತಿ ಬೇಕಿಲ್ಲ, ಕಳೆಯುವುದಕ್ಕೆ ಮಾತ್ರ ಬೇಕು. ಬಂದ ಮೊತ್ತವನ್ನು ಕೊಳದ ಉದ್ದಗಲದಿಂದ ಭಾಗಿಸಿ ನೋಡಿದ ಅಧಿಕಾರಿಣಿ ಕನ್ನಡಕ ಒರೆಸಿಕೊಂಡರು. ಅಷ್ಟು ಕಪ್ಪೆಗಳು ಆ ಕೊಳದಲ್ಲಿದ್ದರೆ ನೀರಿಗೆ ಜಾಗವೇ ಇರುವುದಿಲ್ಲ.

*

ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ಆ ಅಧಿಕಾರಿಣಿ ಬಂದರು. ಕಪ್ಪೆಗಳ ಬಗ್ಗೆ ಇಪ್ಪತ್ತು ವರ್ಷ ಓದಿದವರು, ಮಂಡಿಯವರೆಗೆ ರಬ್ಬರ್ ಬೂಟು ತೊಟ್ಟವರು. ಬೀದಿ ಅವರಿಗೆ ಅರ್ಧ ಗಂಟೆಯೊಳಗೆ ಕಪ್ಪೆ ಮೇಡಂ ಎಂದು ಹೆಸರಿಟ್ಟಿತು. ಮಾತಿನ ಪ್ರಕಾರ ಇನ್ಸ್‌ಪೆಕ್ಟರೂ ಬಂದರು, ಈ ಸಲ ಪ್ಯಾಂಟಿನಲ್ಲಿ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒದ್ದೆಗೈಯನ್ನು ಯಾವುದಕ್ಕೂ ತಾಕಿಸದೆ, ನಮಸ್ಕಾರವನ್ನು ತಲೆಯಲ್ಲೇ ಮಾಡಿದರು.

ಮೇಡಂ ನೇರವಾಗಿ ಕೊಳಕ್ಕೆ ಹೋದರು. ಅಂಚಿನುದ್ದಕ್ಕೂ ನಡೆದರು, ಜೊಂಡು ಸರಿಸಿ ಬಗ್ಗಿ ನೋಡಿದರು. ವಾಪಸು ಬರುವಾಗ ಹುಬ್ಬು ಗಂಟಿಕ್ಕಿತ್ತು.

"ಬೇರೆ ಕಪ್ಪೆಗಳು ಮೊಟ್ಟೆಯನ್ನ ಮುದ್ದೆಯಾಗಿ ಇಡ್ತವೆ. ನೆಲಗಪ್ಪೆ ಹಾಗಲ್ಲ, ಸರ. ಕಪ್ಪು ಮಣಿ ಪೋಣಿಸಿದ ಉದ್ದದ ಸರ. ಮಳೆ ಬಿದ್ದು ಇಷ್ಟು ದಿನ ಆಯ್ತು. ನಿಮ್ಮ ಲೆಕ್ಕದ ಪ್ರಕಾರ ಕೊಳದಲ್ಲಿ ಕಾಲಿಡೋಕೆ ಜಾಗ ಇರಬಾರದು. ಒಂದೇ ಒಂದು ಸರ ಇಲ್ಲ. ಯಾಕೆ?"

ಮೇಷ್ಟ್ರು ತಾವೂ ಬಗ್ಗಿ ಜೊಂಡಿನೊಳಗೆ ಇಣುಕಿದರು.

"ಹೀಗೇ ಆದ್ರೆ ಈ ವರ್ಷ ಗೊದಮೊಟ್ಟೆ ಇಲ್ಲ. ಒಂದು ಪೀಳಿಗೆಯೇ ಇಲ್ಲ."

ಇನ್ಸ್‌ಪೆಕ್ಟರು ನಿಧಾನಕ್ಕೆ ಮೇಷ್ಟ್ರ ಕಡೆ ತಿರುಗಿದರು. "ಕಾಳಜಿ ಅಂದ್ರಿ."

"ನಾನು ದಿನಾ ನೀರಿಗೇ ಬಿಡ್ತಿದೀನಿ ಸಾರ್! ದೇವರಾಣೆ!"

ಅಷ್ಟರಲ್ಲಿ ಷಡ್ಡಕ ಬಂದ. ದೊಡ್ಡವರು ಬರುವ ಸುದ್ದಿ ತಿಳಿದು ಆ ದಿನ ಪಾಠಕ್ಕೆ ರಜೆ ಹಾಕಿದ್ದ. ಬೆಳಗಿನ ಬಕೆಟ್ಟುಗಳನ್ನು ಬಯಲಿಗೆ ಬಿಡದೆ, ತೋರಿಸಲೆಂದೇ ನೆರಳಿನಲ್ಲಿ ಒದ್ದೆಬಟ್ಟೆ ಹೊದಿಸಿ ಇಟ್ಟುಕೊಂಡಿದ್ದ. ಈಗ ಎರಡೂ ಕೈಯಲ್ಲಿ ಬಕೆಟ್ಟು, ಕಂಕುಳಲ್ಲಿ ಬಾಟಲಿ. ಬಂದವನೇ ಮೊದಲು ಬಾಟಲಿ ಒಪ್ಪಿಸಿದ. "ಸಲಮಾಂಡರ್, ಮೇಡಂ."

ಮೇಡಂ ಬಾಟಲಿಯನ್ನು ಬೆಳಕಿಗೆ ಹಿಡಿದರು. "ಇದಕ್ಕೆ ಹುರುಪೆ ಇದೆ, ಉಗುರಿದೆ. ಸಲಮಾಂಡರಿಗೆ ಎರಡೂ ಇರಲ್ಲ, ಕಪ್ಪೆ ಥರ ನುಣುಪು ಚರ್ಮ. ಎಲ್ಲಿ ಸಿಕ್ತು ಇದು?"

"ನಮ್ಮ ಅಡುಗೆಮನೆ ಗೋಡೇಲಿ."

"ಹಲ್ಲಿ," ಎಂದರು ಮೇಡಂ. ಮುಚ್ಚಳ ತೆಗೆದು ಕಾಂಪೌಂಡಿನ ಮೇಲೆ ಬಿಟ್ಟರು. ಹಲ್ಲಿ ತಿರುಗಿ ನೋಡದೆ ಅಡುಗೆಮನೆಯ ದಿಕ್ಕಿಗೆ ಓಡಿತು. ಮೇಷ್ಟ್ರಿಗೆ ಒಂದು ತಿಂಗಳಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಅದು ಬಹಳ ಹೊತ್ತು ಉಳಿಯಲೂ ಇಲ್ಲ.

"ಅದು ಬಿಡಿ ಮೇಡಂ, ಇದು ನೋಡಿ," ಎಂದು ಷಡ್ಡಕ ಬಕೆಟ್ಟಿನ ಬಟ್ಟೆ ಸರಿಸಿದ. ಮೇಲೆಯೇ ಕೂತಿತ್ತು, ಗಂಟುಗಂಟಿನ ಮೈ, ಗಂಭೀರ ಮುಖ, ಬಲ ಮುಂಗಾಲಿಗೆ ಮೂರೇ ಬೆರಳು.

"ರಾಣಿ!" ಎಂದು ಕೂಗಿದರು ಮೇಷ್ಟ್ರು. ತಿಂಗಳಿಂದ ಬಿಗಿಹಿಡಿದಿದ್ದ ಮೌನ ಮುರಿಯಿತು. "ಏಯ್, ನಮ್ಮ ರಾಣಿ ನಿನ್ನ ಬಕೆಟ್ಟಿಗೆ ಹೇಗೆ ಬಂತೋ?"

"ಯಾರ ರಾಣಿ? ಇದು ನಮ್ಮಜ್ಜಿ! ದಿನಾ ಬೆಳಿಗ್ಗೆ ನೀರಿಂದ ಎತ್ತಿ ಜೀವ ಉಳಿಸ್ತಿದೀನಿ. ಎಷ್ಟು ಸಲ ಎತ್ತಿದ್ರೂ ಮತ್ತೆ ಹೋಗಿ ಬೀಳುತ್ತೆ, ಮುದಿಬುದ್ಧಿ!"

"ಬೀಳೋದಲ್ಲ ಮಾರಾಯ, ನಾನು ಬಿಡ್ತಿರೋದು! ಎತ್ತಿ ಎಲ್ಲಿ ಹಾಕ್ತೀಯ?"

"ನಿಮ್ಮ ಹಿತ್ತಲ ಹಿಂದೆ!"

ಮೂರು ಬೆರಳಿನ ಕಪ್ಪೆ ಮೊದಲು ಮೇಷ್ಟ್ರನ್ನು, ಆಮೇಲೆ ಷಡ್ಡಕನನ್ನು ನೋಡಿತು. ಈ ಇಬ್ಬರೂ ಅದಕ್ಕೆ ಬಹಳ ದಿನದ ಪರಿಚಯ.

ಮೇಡಂ ಬಹಳ ಮೆಲ್ಲಗೆ ಕೇಳಿದರು: "ನೀರಿಂದ ಯಾಕೆ ಎತ್ತಿದ್ರಿ?"

ಷಡ್ಡಕ ವಿವರಿಸಿದ. ಅಪ್ಪಿ ಹಿಡಿಯುವುದು, ಹಿಡಿತ ಬಿಡಿಸುವುದು, ಕುಟುಕುಟು ಎಂದು ಉಪಕಾರ ನೆನೆಯುವುದು, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಇನ್ಸ್‌ಪೆಕ್ಟರ ಕೊರಳನ್ನೇ ಹಿಂದಿನಿಂದ ಹಿಡಿದು ತೋರಿಸಿದ.

"ಸ್ವಾಮಿ," ಎಂದರು ಮೇಡಂ, "ಮೇಲಿರೋದು ಗಂಡು. ಕೆಳಗಿರೋದು ಹೆಣ್ಣು. ಅವು ಮುಳುಗ್ತಿರಲಿಲ್ಲ."

ಷಡ್ಡಕ ಇನ್ಸ್‌ಪೆಕ್ಟರ ಕೊರಳು ಬಿಟ್ಟ.

"ಕುಟುಕುಟು ಅನ್ನೋದೂ ಗಂಡೇ. ಇನ್ನೊಂದು ಗಂಡು ತಪ್ಪಾಗಿ ಹಿಡಿದಾಗ, 'ನಾನು ಹೆಣ್ಣಲ್ಲ, ಬಿಡು' ಅಂತ ಕೂಗೋ ಕೂಗು. ನಿಮಗೂ ಅದನ್ನೇ ಹೇಳಿರೋದು."

ಔಷಧದಂಗಡಿಯವರು ಬೇಲಿಯ ಆಚೆಯಿಂದ, "ಅಂದ್ರೆ ಮದುವೆಮನೆಗೆ ಬಂದೋರನ್ನ ಒಂದು ತಿಂಗಳಿಂದ ಬಾಗಿಲಲ್ಲೇ ವಾಪಸ್ ಕಳಿಸ್ತಿದಾರೆ," ಎಂದು ಸಾರಾಂಶ ಹೇಳಿದರು.

ಅಕ್ಕತಂಗಿಯರಿಗೆ ಇನ್ನು ತಡೆಯಲಾಗಲಿಲ್ಲ. ಒಬ್ಬರ ಭುಜಕ್ಕೊಬ್ಬರು ಒರಗಿ ನಕ್ಕರು. ಮೇಷ್ಟ್ರಿಗೆ ಮೆಲ್ಲಗೆ ಬೆಳಗಾಯಿತು. "ನಿಂಗೆ ಗೊತ್ತಿತ್ತಾ?"

"ಎರಡನೇ ದಿನವೇ ಗೊತ್ತಾಯ್ತು ರೀ. ನಾನು ಫೋನಲ್ಲಿ ರಾಣಿ ಅಂದೆ, ಇವಳು ಅಜ್ಜಿ ಅಂದ್ಳು. ಬೆರಳು ತಾಳೆ ನೋಡಿದ್ವಿ."

"ಹೇಳಬಾರದಿತ್ತಾ?"

"ಏನ್ ಹೇಳೋದು ಭಾವ?" ಎಂದಳು ನಾದಿನಿ. "ಸಂಜೆ ಅಕ್ಕನ ಮನೆ ತಣ್ಣಗೆ, ಬೆಳಿಗ್ಗೆ ನಮ್ಮನೆ ತಣ್ಣಗೆ. ಮದುವೆ ಆದಮೇಲೆ ಮೊದಲ್ನೇ ಸಲ ಇಬ್ಬರೂ ಕೂತು ಕಾಫಿ ಕುಡಿದ್ವಿ. ಮೊಟ್ಟೆ ವಿಷಯ ಮಾತ್ರ ಗೊತ್ತಿರಲಿಲ್ಲ, ಆಣೆ." ಅಷ್ಟು ಹೇಳಿ ಅವಳು ಬಗ್ಗಿ ಬಕೆಟ್ಟಿನ ಒದ್ದೆಬಟ್ಟೆ ಸರಿಮಾಡಿದಳು.

ಎಲ್ಲರ ಕಣ್ಣೂ ತನ್ನ ಮೇಲಿರುವುದನ್ನು ಕಂಡ ಷಡ್ಡಕ ಕೊನೆಯ ಬಾಣ ಬಿಟ್ಟ. "ನಾನು ತಪ್ಪು ಮಾಡಿದೆ, ಒಪ್ಕೋತೀನಿ. ಆದ್ರೆ ಎಚ್ಚರ ಇದ್ದು ಮಾಡಿದೆ! ಭಾವ ಅವತ್ತು ಕಾರಲ್ಲಿ ನಿದ್ದೆ ಹೊಡೀತಿದ್ರು. ಈಗಲಾದ್ರೂ ಕೇಳಿ ಸಾರ್!"

ಇನ್ಸ್‌ಪೆಕ್ಟರು ಡಾಕ್ಟರಮ್ಮನ ಕಡೆ ತಿರುಗಿದರು. "ಡಾಕ್ಟ್ರೇ, ನೀವು ಅವತ್ತು ನೋಡಿಲ್ಲ, ಒಪ್ಪಿದೆ. ಕೇಳಿಸಿಕೊಂಡಿದ್ದು ಏನಾದ್ರೂ ಇದೆಯಾ?"

ಡಾಕ್ಟರಮ್ಮ ಬಾಯಿ ತೆರೆದರು. ಪಾಠದ ನಿಯಮದಲ್ಲಿ ಕಿವಿಯ ಬಗ್ಗೆ ಏನೂ ಇರಲಿಲ್ಲ. ಅವರು ಸಿಕ್ಕಿಬಿದ್ದದ್ದು ಮೇಷ್ಟ್ರಿಗೆ ಕಂಡಿತು.

"ಅವರನ್ನ ಕೇಳ್ಬೇಡಿ ಸಾರ್," ಎಂದರು ಮೇಷ್ಟ್ರು. "ನಿದ್ದೆ ಹೋಗಿದ್ದೆ. ಕಾಲು ಬ್ರೇಕಿನ ಮೇಲೆ ಬಿತ್ತು. ಎಚ್ಚರ ಆದಮೇಲೆ ಕಪ್ಪೆ ಕಂಡಿದ್ದು."

ಒದ್ದೆಗೈಯಿಂದ ನೀರು ತೊಟ್ಟಿಕ್ಕುವುದು ಎಲ್ಲರಿಗೂ ಕೇಳಿಸಿತು. ಹೆಂಡತಿ ಪಕ್ಕಕ್ಕೆ ಬಂದು ನಿಂತಳು. ಷಡ್ಡಕನ ಮುಖದಲ್ಲಿ ಗೆಲುವು ಬರಬೇಕಿತ್ತು, ಯಾಕೋ ಬರಲಿಲ್ಲ. "ಅಲ್ಲ ಸಾರ್... ಸ್ವಲ್ಪ ಕಣ್ಣು ಮುಚ್ಚಿದ್ರು ಅಷ್ಟೇ," ಎಂದು ಗೊಣಗಿದ.

ಇನ್ಸ್‌ಪೆಕ್ಟರು ಕೈ ಹಿಂದೆ ಕಟ್ಟಿ ದಡದುದ್ದಕ್ಕೂ ಒಮ್ಮೆ ಹೋಗಿ ಬಂದರು.

"ನನ್ನ ಕೆಲಸದಲ್ಲಿ ದಿನಾ ನೋಡ್ತೀನಿ," ಎಂದರು. "ಜನ ಎಚ್ಚರ ಇದ್ದಾಗಲೇ ಕಾಲು ಆಕ್ಸಿಲರೇಟರ್ ಮೇಲೆ. ಬ್ರೇಕ್ ಎಲ್ಲಿದೆ ಅಂತ ಗೋಡೆಗೆ ಗುದ್ದಿದ ಮೇಲೆ ಹುಡುಕ್ತಾರೆ. ನಿದ್ದೇಲೂ ಕಾಲು ಬ್ರೇಕಿನ ಮೇಲೇ ಇರೋ ಮೇಷ್ಟ್ರನ್ನ ನಾನು ಇವತ್ತೇ ನೋಡಿದ್ದು. ಇಂಥವರಿಗೆ ಕೊಡದೆ ಇನ್ಯಾರಿಗೆ ಕೊಡೋದು ಲೈಸೆನ್ಸು?"

ಈ ತೀರ್ಪಿನ ತರ್ಕ ಬೀದಿಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅದಕ್ಕೇ ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮನದು ಎಲ್ಲರಿಗಿಂತ ಜೋರಾಗಿತ್ತು.

"ಅದೇನಾದ್ರೂ ಮಾಡ್ಕೊಳ್ಳಿ," ಎಂದರು ಮೇಡಂ. "ಕಪ್ಪೆ ಯಾರೂ ಮುಟ್ಟಬೇಡಿ. ಎತ್ತೋದೂ ಬೇಡ, ಉಳಿಸೋದೂ ಬೇಡ. ಈ ಬಕೆಟ್ಟಿನವನ್ನ ನೀರಂಚಿಗೆ ಬಿಡಿ. ಉಳಿದದ್ದಕ್ಕೆ ರಸ್ತೆ ಖಾಲಿ ಬೇಕು, ಅಷ್ಟೇ. ಮಳೆಗಾಲ ಮುಗಿಯೋವರೆಗೆ ಸಂಜೆ ಐದರಿಂದ ಬೆಳಿಗ್ಗೆ ಎಂಟರವರೆಗೆ ಇಲ್ಲಿ ಯಾವ ವಾಹನವೂ ಓಡಬಾರದು."

"ಒಳ್ಳೆ ಮಾತು," ಎಂದರು ಇನ್ಸ್‌ಪೆಕ್ಟರು. "ನಾಳೆಯೇ ಅಡ್ಡಗಟ್ಟೆ ಹಾಕಿಸ್ತೀನಿ."

ಮೇಷ್ಟ್ರು ಎಲ್ಲರಿಗಿಂತ ಮೊದಲು ತಲೆಯಾಡಿಸಿದರು. ಅವರ ಶಾಲೆಯ ಗೇಟು ತೆರೆಯುವುದು ಆ ರಸ್ತೆಗೇ, ಕಲಿಯಲು ಬರುವವರೆಲ್ಲ ಕಚೇರಿ ಮುಗಿಸಿ ಐದರ ನಂತರ ಬರುವವರೇ ಎಂಬುದು ನೆನಪಾದದ್ದು ಮನೆಗೆ ಹೋಗಿ ಅಂಗಿ ಬಿಚ್ಚುವಾಗ.

"ಲೈಸೆನ್ಸ್ ಇದೆಯಲ್ಲ," ಎಂದಳು ಹೆಂಡತಿ. "ಗೋಡೆಗೆ ತೂಗು ಹಾಕೋಣ."

*

ಅಡ್ಡಗಟ್ಟೆ ಮರುದಿನವೇ ಬಂತು. ರಸ್ತೆಯ ಒಂದು ತುದಿಗೆ ಮೇಷ್ಟ್ರು, ಇನ್ನೊಂದು ತುದಿಗೆ ಸಂಜೆಯ ಪಾಠಕ್ಕೆ ಮತ್ತೆ ರಜೆ ಹಾಕಿದ ಷಡ್ಡಕ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಡಾಕ್ಟರಮ್ಮ ಗೇಟಿನೊಳಗೆ ನಿಂತ ಕಾರಿನಲ್ಲೇ ಗೇರು ಬದಲಿಸುವುದನ್ನು ಅಭ್ಯಾಸ ಮಾಡಿದರು. ಅವರಿಗೆ ನಿಂತ ಕಾರಿಗೂ ತಮ್ಮ ಓಟಕ್ಕೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಆರೂ ಮುಕ್ಕಾಲಕ್ಕೆ ಬಯಲಿನಿಂದ ಮೊದಲ ನೆಲಗಪ್ಪೆಗಳು ಹೊರಬಂದವು. ಷಡ್ಡಕ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. "ಭಾವ, ನೋಡಿ, ನೋಡಿ!" ಎಂದು ಕೂಗಿದ. ಮೇಷ್ಟ್ರು ನೋಡಲಿಲ್ಲ. ಅವರ ತಲೆ ಎಡಕ್ಕೆ ವಾಲಿತ್ತು, ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು.

ಕಪ್ಪೆಗಳು ಒಂದೊಂದಾಗಿ ರಸ್ತೆ ದಾಟಿದವು. ನಾಲ್ಕನೆಯ ಬೆಳಿಗ್ಗೆ ಮೇಡಂ ಬಂದು ನೋಡಿದಾಗ ಜೊಂಡಿನ ನಡುವೆ ಮೊಟ್ಟೆಯ ಸರಗಳಿದ್ದವು, ಕಪ್ಪು ಮಣಿ ಪೋಣಿಸಿದಂತೆ. ಮೂರು ಬೆರಳಿನ ನೆಲಗಪ್ಪೆ ಆಗಲೇ ವಾಪಸು ಹೊರಟಿತ್ತು, ನಡೆದುಕೊಂಡು.